ಎಲೆಯಲ್ಲಿ ಸುತ್ತಿದ ಅನ್ನ: ಸುಶಿ ಪೊಟ್ಟಣದ ಚರಿತ್ರೆ

ಸುಶಿ ಎಂದರೆ ಹಸಿ ಮೀನು ಎಂಬ ತಿಳಿವಳಿಕೆ ನಮ್ಮಲ್ಲಿ ಸಾಮಾನ್ಯ. ಬೆಂಗಳೂರಿನ ಐಷಾರಾಮಿ ಹೋಟೆಲುಗಳಲ್ಲಿ ಅದರ ಬೆಲೆ ಕಂಡವರಿಗೆ ಅದು ಶ್ರೀಮಂತರ ತಿಂಡಿ ಎನಿಸುವುದೂ ಸಹಜ. ಈ ಎರಡೂ ಅಭಿಪ್ರಾಯಗಳನ್ನು ಚರಿತ್ರೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸುಶಿ ಎಂಬ ಮಾತಿನ ಮೂಲದಲ್ಲಿರುವುದು ಹುಳಿ ಎಂಬ ಅರ್ಥ. ಹುಳಿಗೊಂಡ ಅನ್ನವಿಲ್ಲದೆ ಸುಶಿಯಿಲ್ಲ. ಮೀನಿಲ್ಲದ ಸುಶಿ ಬೇಕಾದಷ್ಟಿದೆ.

ಟೋಕಿಯೋ, ಒಸಾಕಾ, ಕ್ಯೋಟೋ ನಗರಗಳಲ್ಲಿ ಕುಳಿತು ತಿನ್ನಲು ಒಂದು ಕುರ್ಚಿಯೂ ಇಲ್ಲದ ಸುಶಿ ಅಂಗಡಿಗಳಿವೆ. ಗಿರಾಕಿ ಗಲ್ಲೆಯ ಮುಂದೆ ನಿಂತು, ಬೇಕಾದ್ದನ್ನು ಹೇಳಿ, ಅಚ್ಚುಕಟ್ಟಾಗಿ ಕಟ್ಟಿದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಹೊರಟುಬಿಡಬೇಕು. ಬೆಲೆಯೇನೂ ಕಡಿಮೆಯಿರುವುದಿಲ್ಲ. 2020ರ ಕೊರೋನಾ ಕಾಲದಲ್ಲಿ ಹೆಸರಾಂತ ಸುಶಿ ಮನೆಗಳು ಪೆಟ್ಟಿಗೆ ಕಟ್ಟಿ ಕೊಡಲು ಆರಂಭಿಸಿದಾಗ ಹಲವರು ಅದನ್ನು ಹೊಸ ಪದ್ಧತಿ ಎಂದು ಭಾವಿಸಿದರು. ಆದರೆ ದುಬಾರಿ ಸುಶಿಯನ್ನು ಕಟ್ಟಿಸಿಕೊಂಡು ಹೋಗುವುದು ಕನಿಷ್ಠ ಇನ್ನೂರು ವರ್ಷಗಳ ಹಳೆಯ ವಾಡಿಕೆ. ಅಡುಗೆಯವನ ಎದುರಿನ ಹಲಗೆಯ ಮುಂದೆ ಕುಳಿತು, ಅವನು ಒಂದೊಂದಾಗಿ ಹಿಡಿದು ಕೊಡುವ ತುತ್ತನ್ನು ಸಾವಿರಾರು ಯೆನ್ ತೆತ್ತು ತಿನ್ನುವ ಇಂದಿನ ಶಿಷ್ಟಾಚಾರವೇ ಅದಕ್ಕಿಂತ ಹೊಸದು. ಈ ಪೆಟ್ಟಿಗೆಯ ಚರಿತ್ರೆಯನ್ನು ಬಿಚ್ಚಿ ನೋಡಿದರೆ ಅನ್ನ, ಅಧಿಕಾರ, ಮಡಿ, ಹಲಾಲ್ ಮೊದಲಾದ ಹಲವು ಪ್ರಶ್ನೆಗಳು ಅದರೊಳಗಿಂದ ಹೊರಬರುತ್ತವೆ.

ಅನ್ನವನ್ನು ಎಸೆಯುತ್ತಿದ್ದ ಕಾಲ

ಜಪಾನಿನ ಹೆಗ್ಗುರುತೆಂದು ಇಂದು ಲೋಕವೆಲ್ಲ ಒಪ್ಪಿರುವ ಸುಶಿ ಹುಟ್ಟಿದ್ದು ಜಪಾನಿನಲ್ಲಲ್ಲ. ಆಗ್ನೇಯ ಏಷ್ಯಾದ ಭತ್ತದ ನಾಡುಗಳಲ್ಲಿ, ಬಹುಶಃ ಮೆಕಾಂಗ್ ನದಿಯ ಸೀಮೆಯಲ್ಲಿ, ಮಳೆಗಾಲದಲ್ಲಿ ಗದ್ದೆಗೆ ನುಗ್ಗುವ ಮೀನನ್ನು ವರ್ಷವಿಡೀ ಉಳಿಸಿಕೊಳ್ಳುವ ಉಪಾಯವಾಗಿ ಅದು ಹುಟ್ಟಿತೆಂದು ಆಹಾರ ಚರಿತ್ರೆಯ ವಿದ್ವಾಂಸರು ಹೇಳುತ್ತಾರೆ. ಮೀನಿಗೆ ಉಪ್ಪು ಹಾಕಿ, ಬೇಯಿಸಿದ ಅನ್ನದ ನಡುವೆ ಹುದುಗಿಸಿ, ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನ ಹುಳಿಯುತ್ತಿತ್ತು, ಆ ಹುಳಿ ಮೀನನ್ನು ಕೊಳೆಯದಂತೆ ಕಾಯುತ್ತಿತ್ತು. ತಿನ್ನುವಾಗ ಮೆತ್ತಗಾದ ಅನ್ನವನ್ನು ಕೆರೆದು ಎಸೆದು ಮೀನನ್ನಷ್ಟೇ ತಿನ್ನುತ್ತಿದ್ದರು. ಜಪಾನಿನ ಬಿವಾ ಸರೋವರದ ದಂಡೆಯಲ್ಲಿ ಈ ಬಗೆಯ 'ಫುನಾಜುಶಿ'ಯನ್ನು ಇಂದಿಗೂ ಮಾಡುತ್ತಾರೆ. ಅದರ ವಾಸನೆ ತಾಳಲು ಅಭ್ಯಾಸ ಬೇಕು.

927ರಲ್ಲಿ ಪೂರ್ಣಗೊಂಡ 'ಎಂಗಿಶಿಕಿ' ಎಂಬ ಸರ್ಕಾರಿ ನಿಯಮಾವಳಿಯಲ್ಲಿ ಪ್ರಾಂತಗಳು ರಾಜಧಾನಿಗೆ ಸಲ್ಲಿಸಬೇಕಾದ ತೆರಿಗೆ ವಸ್ತುಗಳ ಪಟ್ಟಿಯಿದೆ. ಅದರಲ್ಲಿ ಸುಶಿಯೂ ಸೇರಿದೆ. ಅಂದರೆ ಸುಶಿ ಆಗಲೇ ದೂರ ಪ್ರಯಾಣ ಮಾಡುವ ಆಹಾರವಾಗಿತ್ತು. ಹಳ್ಳಿಯಲ್ಲಿ ತಯಾರಾಗಿ, ಹೊರೆಯಾಗಿ ಕಟ್ಟಿಸಿಕೊಂಡು, ಅರಮನೆಯ ಉಗ್ರಾಣ ಸೇರುತ್ತಿತ್ತು. ಹದಿನಾಲ್ಕನೆಯ ಶತಮಾನದ ನಂತರ ಹುಳಿಯುವ ಅವಧಿ ಕ್ರಮೇಣ ಕಡಿಮೆಯಾಯಿತು. ಅನ್ನ ಪೂರ್ತಿ ಕರಗುವ ಮೊದಲೇ ತೆಗೆದು ಮೀನಿನೊಂದಿಗೆ ಅದನ್ನೂ ತಿನ್ನತೊಡಗಿದರು. ಹದಿನೇಳನೆಯ ಶತಮಾನದಲ್ಲಿ ಇನ್ನೂ ಅವಸರ ಬಂತು. ತಿಂಗಳುಗಟ್ಟಲೆ ಕಾಯುವ ಬದಲು ಅನ್ನಕ್ಕೆ ನೇರವಾಗಿ ವಿನೆಗರ್ ಬೆರೆಸಿ ಹುಳಿ ತರುವ ಪದ್ಧತಿ ಹರಡಿತು.

ಮುಳ್ಳು ಕಿತ್ತ ಮೀನು

ಈ ಬದಲಾವಣೆಯ ನಡುಗಾಲದ ಒಂದು ಅಂಗಡಿ ಇಂದಿಗೂ ಹೆಸರು ಉಳಿಸಿಕೊಂಡಿದೆ. 1702ರಲ್ಲಿ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಆರಂಭವಾದ 'ಸಸಾಮಾಕಿ ಕೆನುಕಿ ಸುಶಿ'. 'ಸಸಾಮಾಕಿ' ಎಂದರೆ ಕಿರುಬಿದಿರಿನ ಎಲೆಯಲ್ಲಿ ಸುತ್ತಿದ್ದು. 'ಕೆನುಕಿ' ಎಂದರೆ ಕೂದಲು ಕೀಳುವ ಚಿಮಟ. ಮೀನಿನ ಸಣ್ಣ ಮುಳ್ಳುಗಳನ್ನು ಚಿಮಟದಿಂದ ಒಂದೊಂದಾಗಿ ಕೀಳುತ್ತಿದ್ದುದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಇಲ್ಲಿನ ಮೀನಿಗೆ ಉಪ್ಪು ಮತ್ತು ವಿನೆಗರ್ ಗಟ್ಟಿಯಾಗಿಯೇ ಬಿದ್ದಿರುತ್ತವೆ. ಹೆಬ್ಬೆರಳಿಗಿಂತ ತುಸು ದಪ್ಪದ ಅನ್ನದ ಉಂಡೆ, ಮೇಲೆ ಮೀನೋ ಸೀಗಡಿಯೋ ಮೊಟ್ಟೆಯೋ, ಸುತ್ತ ಬಿಗಿಯಾಗಿ ಸುತ್ತಿದ ಹಸಿರೆಲೆ. ತಯಾರಾದ ತಕ್ಷಣಕ್ಕಿಂತ ಕೆಲವು ಗಂಟೆ ಬಿಟ್ಟು ತಿಂದರೆ ರುಚಿ ಹೆಚ್ಚು. ಮನೆಗೋ ಪ್ರವಾಸಕ್ಕೋ ಕೊಂಡೊಯ್ಯುವವರಿಗಾಗಿಯೇ ರೂಪುಗೊಂಡ ಆಹಾರವಿದು.

ಎಲೆ ಬರೀ ಅಲಂಕಾರಕ್ಕಲ್ಲ. ಅದು ತುತ್ತನ್ನು ಒಣಗಲು ಬಿಡುವುದಿಲ್ಲ, ಒಂದಕ್ಕೊಂದು ಅಂಟಲು ಬಿಡುವುದಿಲ್ಲ, ಬೇಗ ಕೆಡದಂತೆಯೂ ನೋಡಿಕೊಳ್ಳುತ್ತದೆ. ಅರಿಶಿನದ ಎಲೆಯಲ್ಲಿ ಕಡುಬು ಬೇಯಿಸುವ, ಬಾಳೆಲೆಯಲ್ಲಿ ಬುತ್ತಿ ಕಟ್ಟುವ ನಮ್ಮ ಕರಾವಳಿ ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂದು ಅಗ್ಗದ ಸುಶಿ ಪೊಟ್ಟಣಗಳಲ್ಲಿ ತುತ್ತುಗಳ ನಡುವೆ ಕಾಣುವ ಹಸಿರು ಪ್ಲಾಸ್ಟಿಕ್ಕಿನ ಹಲ್ಲುಹಲ್ಲಾದ ತುಣುಕು ಇದೇ ಎಲೆಯ ನೆನಪು. ಎಲೆ ಹೋಗಿದೆ, ಎಲೆಯ ಚಿತ್ರ ಉಳಿದಿದೆ.

ಬೀದಿಯ ಸುಶಿ, ಪೆಟ್ಟಿಗೆಯ ಸುಶಿ

ಎಡೊ ಹದಿನೆಂಟನೆಯ ಶತಮಾನದಲ್ಲಿ ಸುಮಾರು ಹತ್ತು ಲಕ್ಷ ಜನರ ಮಹಾನಗರ. ಅಲ್ಲಿ ಗಂಡಸರ ಸಂಖ್ಯೆ ಹೆಚ್ಚು. ಯಜಮಾನರ ಹಿಂದೆ ಬಂದ ಸಮುರಾಯ್ ಸೇವಕರು, ಹಳ್ಳಿ ಬಿಟ್ಟು ಬಂದ ಬಡಗಿಗಳು, ಹಮಾಲರು ಇವರೆಲ್ಲ ಒಂಟಿಯಾಗಿ ಬದುಕುತ್ತಿದ್ದರು. ಮನೆಗಳು ಮರದವು. 1657ರ ಮಹಾ ಬೆಂಕಿಯಲ್ಲಿ ಒಂದು ಲಕ್ಷದಷ್ಟು ಜನ ಸತ್ತರೆಂದು ಪ್ರತೀತಿ. ನಗರವನ್ನು ಮತ್ತೆ ಕಟ್ಟಲು ಬಂದ ಕೂಲಿಗಳಿಗೆ ಬೇಯಿಸಿದ ಅನ್ನ ಮಾರುವವರು ಬೇಕಾದರು. ಹೀಗೆ ಬೀದಿ ಅಡುಗೆಯ ದೊಡ್ಡ ಲೋಕವೊಂದು ಬೆಳೆಯಿತು.

ಬೆರಳಿನಲ್ಲಿ ಒತ್ತಿ ಮಾಡುವ 'ನಿಗಿರಿ' ಸುಶಿ ಈ ಲೋಕದಲ್ಲಿ 1820ರ ದಶಕದ ಹೊತ್ತಿಗೆ ನೆಲೆಗೊಂಡಿತು. ಇದರ ಕೀರ್ತಿಯನ್ನು ಸಾಮಾನ್ಯವಾಗಿ ಹನಾಯಾ ಯೊಹೇ (1799–1858) ಎಂಬಾತನಿಗೆ ಕೊಡುತ್ತಾರೆ. ಒಬ್ಬನೇ ಕಂಡುಹಿಡಿದನೆನ್ನುವುದಕ್ಕಿಂತ ಹಲವರ ಕೈಯಲ್ಲಿ ಪಳಗಿದ್ದನ್ನು ಅವನು ಹದಗೊಳಿಸಿದನೆನ್ನುವುದು ಸರಿ. ಅವನು ಮೊದಲು ಪೆಟ್ಟಿಗೆ ಹೊತ್ತು ಬೀದಿ ಬೀದಿ ತಿರುಗಿ ಮಾರಿದ, ಆಮೇಲೆ ಗಾಡಿ ಹಾಕಿದ, ಕೊನೆಗೆ ರ್‍ಯೋಗೊಕು ಎಂಬಲ್ಲಿ ಅಂಗಡಿ ತೆರೆದ.

ಕಿತಾಗಾವಾ ಮೊರಿಸಾದಾ ಎಂಬ ಲೇಖಕ 1837ರಲ್ಲಿ ಬರೆಯಲು ಆರಂಭಿಸಿದ ಬೃಹತ್ ಗ್ರಂಥದಲ್ಲಿ ಎಡೊದ ದೈನಂದಿನ ಬದುಕಿನ ವಿವರಗಳಿವೆ. ಪ್ರತಿ ಕೇರಿಗೂ ಒಂದೆರಡು ಸುಶಿ ಅಂಗಡಿಗಳಿದ್ದವೆಂದೂ, ಸಾಮಾನ್ಯ ತುತ್ತಿನ ಬೆಲೆ 8 ಮೊನ್ ಇತ್ತೆಂದೂ, ಮೊಟ್ಟೆಯ ಸುರುಳಿಗೆ 16 ಮೊನ್ ಇತ್ತೆಂದೂ ಅವನು ದಾಖಲಿಸಿದ್ದಾನೆ. ಒಂದು ಬಟ್ಟಲು ಸೋಬಾ ಶ್ಯಾವಿಗೆಯ ಬೆಲೆಯೂ ಆಗ 16 ಮೊನ್. ಅಂದಿನ ತುತ್ತು ಇಂದಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದು. ಎರಡು ತಿಂದರೆ ಕೂಲಿಯಾಳಿನ ಹೊಟ್ಟೆಗೆ ಸ್ವಲ್ಪ ಆಧಾರ ಸಿಗುತ್ತಿತ್ತು.

ಗಾಡಿಯ ಮುಂದೆ ನಿಂತು ತಿನ್ನುವುದು ಬಡವರ ರೀತಿ. ಸ್ವಂತ ಕಟ್ಟಡವಿದ್ದ ಹೆಸರಾಂತ ಅಂಗಡಿಗಳ ವ್ಯಾಪಾರ ಬೇರೆ. ಅವುಗಳ ಮುಖ್ಯ ವಹಿವಾಟು ನಡೆಯುತ್ತಿದ್ದುದು ಮನೆಗೆ ಕಳಿಸುವ ಸುಶಿಯಲ್ಲಿ ಮತ್ತು ಉಡುಗೊರೆಗೆಂದು ಪೆಟ್ಟಿಗೆಯಲ್ಲಿ ಜೋಡಿಸಿ ಕೊಡುವ ಸುಶಿಯಲ್ಲಿ. ಯೊಹೇಯ ಅಂಗಡಿ, ಕೆನುಕಿ ಸುಶಿ, ಫುಕಾಗಾವಾದ ಮತ್ಸುಗಾ ಸುಶಿ ಈ ಮೂರನ್ನು ಎಡೊದ ಮೂರು ಪ್ರಸಿದ್ಧ ಸುಶಿ ಮನೆಗಳೆಂದು ಎಣಿಸುತ್ತಿದ್ದರು. ಒಬ್ಬ ಅಧಿಕಾರಿಯನ್ನು ಕಾಣಲು ಹೋಗುವಾಗ ಕೈಯಲ್ಲಿ ಇಂಥ ಪೆಟ್ಟಿಗೆಯಿದ್ದರೆ ಬಾಗಿಲು ಬೇಗ ತೆರೆಯುತ್ತಿತ್ತು. ಈ ಮಾತು ಅರ್ಥವಾಗಲು ನಾವು ಜಪಾನಿಗೇ ಹೋಗಬೇಕೆಂದಿಲ್ಲ.

ಸುಶಿ ಮಾಡಿದವರ ಕೈಗೆ ಕೋಳ

1841ರಿಂದ 1843ರವರೆಗೆ ಷೋಗುನ್ ಸರ್ಕಾರದ ಮುಖ್ಯ ಮಂತ್ರಿ ಮಿಜುನೊ ತದಾಕುನಿ 'ತೆಂಪೊ ಸುಧಾರಣೆ'ಗಳನ್ನು ಜಾರಿಗೆ ತಂದ. ಹಿಂದಿನ ದಶಕದಲ್ಲಿ ಭೀಕರ ಬರ ಬಂದು ಹೋಗಿತ್ತು, ಅಕ್ಕಿಗಾಗಿ ದಂಗೆಗಳು ನಡೆದಿದ್ದವು, ಖಜಾನೆ ಬರಿದಾಗಿತ್ತು. ಸರ್ಕಾರ ಇದಕ್ಕೆಲ್ಲ ಜನರ ದುಂದುಗಾರಿಕೆಯೇ ಕಾರಣವೆಂದು ಬಗೆದು ಬಟ್ಟೆ, ಆಭರಣ, ನಾಟಕ, ತಿಂಡಿ ಎಲ್ಲದರ ಮೇಲೂ ನಿರ್ಬಂಧ ಹೇರಿತು. ದುಬಾರಿ ಸುಶಿ ಮಾರಿದ ತಪ್ಪಿಗೆ ಯೊಹೇಗೂ ಮತ್ಸುಗಾ ಸುಶಿಯ ಮಾಲಿಕನಿಗೂ ಕೈಕೋಳದ ಶಿಕ್ಷೆಯಾಯಿತು. ಹೀಗೆ ಶಿಕ್ಷೆಗೊಳಗಾದ ಸುಶಿಗಾರರು ಇನ್ನೂರಕ್ಕೂ ಹೆಚ್ಚೆಂದು ಹೇಳಲಾಗುತ್ತದೆ. ಬೆರಳಿನಿಂದ ಬದುಕು ಕಟ್ಟಿಕೊಂಡವರ ಕೈಯನ್ನೇ ಕಟ್ಟಿಹಾಕಲಾಯಿತು.

ದುಂದುವೆಚ್ಚವನ್ನು ನಾವೂ ಸಮರ್ಥಿಸುವುದಿಲ್ಲ. 'ಇಸ್ರಾಫ್' ಅಂದರೆ ಮಿತಿ ಮೀರುವುದು ಇಸ್ಲಾಮಿನಲ್ಲಿ ನಿಷಿದ್ಧ. ಆದರೆ ಉಡುಗೊರೆಯಾಗಿ ಪೆಟ್ಟಿಗೆ ಪಡೆದವರು ಬಹುಪಾಲು ಅಧಿಕಾರದ ಒಳಗಿದ್ದವರೇ. ಕೋಳ ಬಿದ್ದದ್ದು ಕಟ್ಟಿ ಕೊಟ್ಟವನ ಕೈಗೆ. ಮಿಜುನೊ 1843ರಲ್ಲಿ ಅಧಿಕಾರ ಕಳೆದುಕೊಂಡ. ಸುಶಿಗಾರರು ಮತ್ತೆ ಅಂಗಡಿ ತೆರೆದರು.

ವಿನೆಗರ್ ಮತ್ತು ಮದ್‌ಹಬ್

ಎಡೊ ಸುಶಿಯ ಬೆಳವಣಿಗೆಯ ಹಿಂದೆ ಇನ್ನೊಂದು ಉದ್ಯಮವಿದೆ. 1804ರಲ್ಲಿ ಇಂದಿನ ಐಚಿ ಪ್ರಾಂತದ ಹಂದಾ ಎಂಬ ಊರಿನಲ್ಲಿ ನಕಾನೊ ಮತಾಜಾಎಮೊನ್ ಎಂಬ ಸಾಕೆ ತಯಾರಕ, ಮದ್ಯ ಹಿಂಡಿದ ಮೇಲೆ ಉಳಿಯುವ ಗಸಿಯಿಂದ ವಿನೆಗರ್ ಮಾಡಲು ಆರಂಭಿಸಿದ. ಅಕ್ಕಿಯಿಂದ ಮಾಡಿದ ವಿನೆಗರಿಗಿಂತ ಇದು ಅಗ್ಗ. ಬಣ್ಣ ಕೆಂಪು, ರುಚಿಯಲ್ಲಿ ತುಸು ಸಿಹಿ. ಹಡಗಿನಲ್ಲಿ ಎಡೊಗೆ ಬಂದ ಈ ವಿನೆಗರ್ ಬೀದಿ ಸುಶಿಗೆ ಹೇಳಿ ಮಾಡಿಸಿದಂತಿತ್ತು. ಅವನ ಸಂಸ್ಥೆ ಇಂದು 'ಮಿಜ್ಕಾನ್' ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧ.

ಮದ್ಯದ ಗಸಿಯಿಂದ ಬಂದ ವಿನೆಗರ್ ಮುಸ್ಲಿಮನಿಗೆ ಸಲ್ಲುತ್ತದೆಯೇ? ಈ ಪ್ರಶ್ನೆ ಜಪಾನಿಗಿಂತ ಬಹಳ ಹಿಂದೆಯೇ ನಮ್ಮ ಫಿಕ್ಹ್ ಗ್ರಂಥಗಳಲ್ಲಿ ಚರ್ಚೆಯಾಗಿದೆ. ಮನೆಯಲ್ಲಿ ರೊಟ್ಟಿಗೆ ನಂಜಿಕೊಳ್ಳಲು ವಿನೆಗರ್ ಹೊರತು ಬೇರೇನೂ ಇಲ್ಲದಿದ್ದಾಗ ಪ್ರವಾದಿಯವರು (ಸ) ಅದನ್ನೇ ಹೊಗಳಿ ಉಂಡರೆಂದು ಹದೀಸ್ ಇದೆ. ಮದ್ಯ ತಾನಾಗಿಯೇ ಹುಳಿತು ವಿನೆಗರಾದರೆ ಅದು ಶುದ್ಧವೆಂದು ನಾಲ್ಕೂ ಮದ್‌ಹಬ್‌ಗಳು ಒಪ್ಪುತ್ತವೆ. ಮನುಷ್ಯ ಏನನ್ನಾದರೂ ಬೆರೆಸಿ ಅದನ್ನು ವಿನೆಗರಾಗಿಸಿದರೆ ಹನಫಿಗಳು ಒಪ್ಪುತ್ತಾರೆ, ಶಾಫಿಗಳು ಒಪ್ಪುವುದಿಲ್ಲ. ಸಮುದ್ರದ ಬೇಟೆಯನ್ನು ಕುರ್‌ಆನ್ ಹಲಾಲ್ ಮಾಡಿದೆ. ಆದರೂ ಹನಫಿಗಳು ಮೀನನ್ನಷ್ಟೇ ಒಪ್ಪುತ್ತಾರೆ, ಆಕ್ಟೋಪಸ್ ಚಿಪ್ಪುಗಳನ್ನು ಬಿಡುತ್ತಾರೆ, ಸೀಗಡಿ ಮೀನೋ ಅಲ್ಲವೋ ಎಂದು ತಮ್ಮೊಳಗೇ ವಾದ ಮಾಡುತ್ತಾರೆ. ಶಾಫಿಗಳಿಗೆ ಕಡಲು ವಿಶಾಲ. ಆದ್ದರಿಂದ ಒಂದೇ ಸುಶಿ ಪೆಟ್ಟಿಗೆಯ ಮುಂದೆ ಭಟ್ಕಳದ ನವಾಯತ ಅಥವಾ ಮಂಗಳೂರಿನ ಬ್ಯಾರಿಯೊಬ್ಬರೂ ಕಲಬುರಗಿಯ ದಖನಿ ಮುಸ್ಲಿಮರೊಬ್ಬರೂ ಕುಳಿತರೆ, ಒಬ್ಬರು ಸೀಗಡಿ ಆಕ್ಟೋಪಸ್‌ಗಳನ್ನು ನಿಶ್ಚಿಂತೆಯಿಂದ ತಿಂದು ವಿನೆಗರಿನ ಬಗ್ಗೆ ವಿಚಾರಿಸಬಹುದು, ಇನ್ನೊಬ್ಬರು ವಿನೆಗರಿನ ಚಿಂತೆ ಬಿಟ್ಟು ಆಕ್ಟೋಪಸನ್ನು ಪಕ್ಕಕ್ಕೆ ಸರಿಸಬಹುದು. ಇಬ್ಬರೂ ತಮ್ಮ ತಮ್ಮ ಇಮಾಮರ ದಾರಿಯಲ್ಲಿಯೇ ಇದ್ದಾರೆ. ಒಂದೇ ಸುಫ್ರಾದಲ್ಲಿ ಕುಳಿತು ಭಿನ್ನವಾಗಿ ಉಣ್ಣುವುದನ್ನು ನಮ್ಮ ಹಿರಿಯರು ಜಗಳವೆಂದು ಎಣಿಸಲಿಲ್ಲ. ಇನ್ನು ಅನ್ನಕ್ಕೋ ಸಾರಿಗೋ ಸಾಕೆ, ಮಿರಿನ್ ಎಂಬ ಮದ್ಯಗಳನ್ನೇ ಸೇರಿಸಿದ್ದರೆ ಮಾತು ಬೇರೆ. ಅದನ್ನು ಕೇಳಿ ತಿಳಿದುಕೊಳ್ಳುವುದು ಗಿರಾಕಿಯ ಹಕ್ಕು, ಹೇಳುವುದು ಅಂಗಡಿಯವನ ಕರ್ತವ್ಯ.

ಮೀನಿಗೂ ಮಾಂಸಕ್ಕೂ ವಿನೆಗರ್ ಸೇರಿಸುವ ಕಲೆ ಮುಸ್ಲಿಮ್ ನಾಡುಗಳಲ್ಲಿ ಸಮೃದ್ಧವಾಗಿ ಬೆಳೆದಿತ್ತು. ಪರ್ಷಿಯಾದಿಂದ ಅಬ್ಬಾಸಿ ಬಗ್ದಾದಿಗೆ ಬಂದ 'ಸಿಕ್ಬಾಜ್' ಎಂಬ ಹುಳಿ ಅಡುಗೆ ಅಲ್ಲಿನ ಪಾಕಗ್ರಂಥಗಳಲ್ಲಿ ಮೊದಲ ಸಾಲಿನದು. ಅದೇ ಹೆಸರು ಅಂದಲೂಸಿನ ಮೂಲಕ ಸ್ಪೇನಿನಲ್ಲಿ 'ಎಸ್ಕಬೆಚೆ' ಆಯಿತೆಂದು ಭಾಷಾವಿದರು ಗುರುತಿಸಿದ್ದಾರೆ. ಕಟ್ಟಿಸಿಕೊಂಡು ಹೋಗುವ ಅಡುಗೆಯೂ ನಮಗೆ ಅಪರಿಚಿತವಲ್ಲ. ಉರುವಲು ದುಬಾರಿಯಾಗಿದ್ದ, ಮನೆಗಳು ಇಕ್ಕಟ್ಟಾಗಿದ್ದ ಮಧ್ಯಕಾಲೀನ ಕೈರೋದಲ್ಲಿ ಸಾಮಾನ್ಯರು ಬೇಯಿಸಿದ ಆಹಾರವನ್ನು ಬಜಾರಿನಿಂದಲೇ ತರುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲಿ ಶಾಮಿನ ಅಲ್-ಶೈಜರಿ ಬರೆದ ಮಾರುಕಟ್ಟೆ ಮೇಲ್ವಿಚಾರಣೆಯ ಗ್ರಂಥದಲ್ಲಿ ಮೀನು ಕರಿಯುವವರಿಗೆಂದೇ ಒಂದು ಅಧ್ಯಾಯವಿದೆ. ಮೀನಿನ ಬುಟ್ಟಿಗಳನ್ನು ದಿನವೂ ತೊಳೆಯಬೇಕೆಂದು ಅದರಲ್ಲಿ ವಿಧಿಸಲಾಗಿದೆ. ಅಲ್ಲಿಯ ಮುಹ್ತಸಿಬ್ ಕೂಡ ತಪ್ಪಿತಸ್ಥನನ್ನು ಶಿಕ್ಷಿಸುತ್ತಿದ್ದ. ಆದರೆ ಅವನು ನೋಡಬೇಕಾಗಿದ್ದುದು ತೂಕ ಸರಿಯಿದೆಯೇ, ಹಳಸಿದ್ದನ್ನು ಮಾರುತ್ತಿದ್ದಾನೆಯೇ ಎಂಬುದನ್ನು. ಉಣ್ಣುವವನನ್ನು ಕಾಪಾಡಲು ಬಂದ ಕಾನೂನಿಗೂ ಮಾರುವವನನ್ನು ಹೆದರಿಸಲು ಬಂದ ಕಾನೂನಿಗೂ ಅಂತರವಿದೆ.

ಮಡಿಯ ನೆರಳು

ಜಪಾನಿನಲ್ಲಿ ಮೀನಿಗೆ ಇಷ್ಟು ಗೌರವ ಬಂದುದರ ಹಿಂದೆ ಮಾಂಸದ ನಿಷೇಧವೂ ಇದೆ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ತಿನ್ನಬಾರದೆಂದು ಆಜ್ಞೆ ಹೊರಡಿಸಿದ. ಬೌದ್ಧ ಧರ್ಮದ ಅಹಿಂಸೆಯ ಜೊತೆಗೆ ಉಳುವ ದನಗಳನ್ನು ಉಳಿಸಿಕೊಳ್ಳುವ ಲೆಕ್ಕಾಚಾರವೂ ಅದರಲ್ಲಿತ್ತು. ಇಂಥ ಆಜ್ಞೆಗಳು ಮತ್ತೆ ಮತ್ತೆ ಬಂದವು. ಕದ್ದು ತಿನ್ನುವುದು ನಿಲ್ಲಲಿಲ್ಲ. ಆದರೆ ಸತ್ತ ಪ್ರಾಣಿಯ ಚರ್ಮ ಸುಲಿಯುವ, ಹದ ಮಾಡುವ ಜನರನ್ನು ಸಮಾಜ ಅಸ್ಪೃಶ್ಯರನ್ನಾಗಿ ಮಾಡಿ ಊರ ಹೊರಗೆ ಇಟ್ಟಿತು. ಅವರು ಹದ ಮಾಡಿದ ಚರ್ಮದ ಕವಚ ತೊಟ್ಟ ಸಮುರಾಯ್ ಉತ್ತಮನೇ ಆಗಿ ಉಳಿದ.

1871ರಲ್ಲಿ ಮೇಜಿ ಸರ್ಕಾರ ಈ ಭೇದವನ್ನು ಕಾನೂನಿನಲ್ಲಿ ರದ್ದುಮಾಡಿತು. 1872ರ ಆರಂಭದಲ್ಲಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿಯನ್ನು ಬಹಿರಂಗಪಡಿಸಲಾಯಿತು. ನಿನ್ನೆಯವರೆಗೆ ಮೈಲಿಗೆಯಾಗಿದ್ದುದು ನಾಗರಿಕತೆಯ ಲಕ್ಷಣವಾಯಿತು. ಆದರೆ ಆ ಕೇರಿಗಳ ಜನರ ಮೇಲಿನ ತಾರತಮ್ಯ ಇಪ್ಪತ್ತನೆಯ ಶತಮಾನದಲ್ಲೂ ಮದುವೆ, ಉದ್ಯೋಗಗಳಲ್ಲಿ ಮುಂದುವರಿಯಿತು. ತಟ್ಟೆಯಲ್ಲಿರುವುದನ್ನು ಶುದ್ಧಗೊಳಿಸುವುದು ಸುಲಭ, ತಟ್ಟೆ ತೊಳೆಯುವವನನ್ನು ಸಮಾನನೆಂದು ಒಪ್ಪುವುದು ಕಷ್ಟ ಎಂಬುದನ್ನು ನಮ್ಮ ದೇಶದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಅಕ್ಕಿ ತಂದರೆ ಸುಶಿ

1923ರ ಮಹಾ ಭೂಕಂಪ ಟೋಕಿಯೋವನ್ನು ನೆಲಸಮ ಮಾಡಿದಾಗ ಕೆಲಸ ಕಳೆದುಕೊಂಡ ಸುಶಿಗಾರರು ತಮ್ಮ ತಮ್ಮ ಊರುಗಳಿಗೆ ಮರಳಿದರು. ಎಡೊದ ನಿಗಿರಿ ಹೀಗೆ ದೇಶದ ಮೂಲೆಗಳಿಗೆ ತಲುಪಿತು. ಯುದ್ಧ ಸೋತ ಜಪಾನಿನಲ್ಲಿ ಅಕ್ಕಿಗೆ ಪಡಿತರವಿತ್ತು. 1947ರಲ್ಲಿ ಹೋಟೆಲು ವ್ಯಾಪಾರವನ್ನೇ ಬಹುಮಟ್ಟಿಗೆ ನಿಲ್ಲಿಸುವ ಆದೇಶ ಬಂತು. ಆಗ ಟೋಕಿಯೋದ ಸುಶಿಗಾರರು ಒಂದು ಜಾಣತನದ ದಾರಿ ಹುಡುಕಿ ಸರ್ಕಾರವನ್ನು ಒಪ್ಪಿಸಿದರು. ಗಿರಾಕಿ ತನ್ನ ಪಡಿತರದ ಒಂದು 'ಗೊ' ಅಕ್ಕಿಯನ್ನು, ಅಂದರೆ ಸುಮಾರು 150 ಗ್ರಾಂ, ತಂದು ಕೊಡಬೇಕು. ಅಂಗಡಿಯವನು ಕೂಲಿ ಪಡೆದು ಹತ್ತು ತುತ್ತು ಸುಶಿ ಮಾಡಿ ಕೊಡುತ್ತಾನೆ. ಇದು ಊಟದ ಮಾರಾಟವಲ್ಲ, ಅಕ್ಕಿಯ ಸಂಸ್ಕರಣೆ! ಗಿರಣಿಗೆ ರಾಗಿ ಕೊಟ್ಟು ಹಿಟ್ಟು ತಂದಂತೆ. ನಿಯಂತ್ರಣಕ್ಕೆ ಒಳಪಡದ ಚಿಪ್ಪು, ಹೊಳೆಮೀನುಗಳೇ ಮೇಲಿನ ಹೊದಿಕೆಯಾದವು. ಟೋಕಿಯೋದ ಈ ಪದ್ಧತಿಯನ್ನು ಬೇರೆ ಪ್ರಾಂತಗಳೂ ಅನುಸರಿಸಿದ್ದರಿಂದ, ಒಂದು ಪ್ರದೇಶದ ಶೈಲಿ ಇಡೀ ದೇಶದ ಶೈಲಿಯಾಯಿತು. ಇಂದಿನ 'ಒಂದು ಆಳಿನ ಸುಶಿ'ಯ ಅಳತೆಯ ಬೇರು ಆ ಹಸಿವಿನ ದಿನಗಳಲ್ಲಿದೆ.

ಮುಂದಿನದು ಸಮೃದ್ಧಿಯ ಕಥೆ. 1958ರಲ್ಲಿ ಒಸಾಕಾ ಬಳಿ ಶಿರಾಇಶಿ ಯೊಶಿಆಕಿ ಎಂಬಾತ ತಿರುಗುವ ಪಟ್ಟಿಯ ಮೇಲೆ ತಟ್ಟೆಗಳನ್ನಿಟ್ಟು ಅಗ್ಗದ ಸುಶಿ ಮಾರಿದ. ಕಟ್ಟಿ ಕೊಡುವುದಕ್ಕೆಂದೇ ಹುಟ್ಟಿದ 'ಕೊಜೊ ಸುಶಿ' ಎಂಬ ಸರಣಿ 1980ರ ದಶಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳಿಗೆ ಬೆಳೆಯಿತು. ನಂತರ ಸೂಪರ್‌ಮಾರ್ಕೆಟ್ಟುಗಳ ಪೊಟ್ಟಣಗಳ ಮುಂದೆ ಅದು ಸೊರಗಿತು. ಇನ್ನೊಂದು ಕಡೆ ಟ್ಯೂನಾ ಮೀನಿನ ಭಾಗ್ಯ ತಿರುಗಿತು. ಎಡೊದ ಜನ ಅದರ ಕೊಬ್ಬಿನ ಭಾಗವನ್ನು ತಿನ್ನದೆ ಎಸೆಯುತ್ತಿದ್ದರು. 1972ರಲ್ಲಿ ಕೆನಡಾದಿಂದ ವಿಮಾನದಲ್ಲಿ ಟ್ಯೂನಾ ತರಿಸುವುದು ಆರಂಭವಾಯಿತು. 2019ರ ಜನವರಿಯಲ್ಲಿ ಟೋಕಿಯೋದ ಹರಾಜಿನಲ್ಲಿ 278 ಕಿಲೋ ತೂಕದ ಒಂದು ಮೀನು 33 ಕೋಟಿ 36 ಲಕ್ಷ ಯೆನ್‌ಗೆ ಮಾರಾಟವಾಯಿತು. ಬಡವನ ಬೀದಿ ತಿಂಡಿ ಹೀಗೆ ಪ್ರತಿಷ್ಠೆಯ ವಸ್ತುವಾಯಿತು.

ಈ ಚರಿತ್ರೆಯಿಂದ ನಾವು ಕಲಿಯಬಹುದಾದ್ದೇನು? ಯಾವ ಆಹಾರವೂ ಒಂದು ನೆಲದ, ಒಂದು ಜನಾಂಗದ ಖಾಸಗಿ ಆಸ್ತಿಯಲ್ಲ. ಮೆಕಾಂಗಿನ ರೈತ, ಬಿವಾದ ಬೆಸ್ತ, ಹಂದಾದ ವಿನೆಗರ್ ತಯಾರಕ, ಎಡೊದ ಗಾಡಿಯವನು ಇಷ್ಟು ಜನರ ಕೈ ಸೇರಿ ಜಪಾನಿನ 'ಸನಾತನ' ಸುಶಿ ಆಗಿದೆ. 1935ರಲ್ಲಿ ಕೋಬೆ ನಗರದಲ್ಲಿ ಜಪಾನಿನ ಮೊದಲ ಮಸೀದಿ ಎದ್ದಾಗ ಅದಕ್ಕೆ ಹಣ ನೀಡಿದವರಲ್ಲಿ ಭಾರತದ ಮುಸ್ಲಿಮ್ ವ್ಯಾಪಾರಿಗಳು ಪ್ರಮುಖರು. ಇಂದು ಅದೇ ದೇಶದಲ್ಲಿ ಹಲಾಲ್ ಎಂದು ಬರೆದ ಸುಶಿ ಅಂಗಡಿಗಳೂ ಇವೆ. ಮದ್ಯ ಸೇರಿಸದ ಸೋಯಾ ಸಾರು, ಮಿರಿನ್ ಇಲ್ಲದ ಮೊಟ್ಟೆ ಅಲ್ಲಿ ಸಿಗುತ್ತವೆ. ಜಪಾನೀಯರ ಸುಶಿ ಇದರಿಂದ ಕೆಟ್ಟಿಲ್ಲ, ಉಣ್ಣುವವರ ಸಾಲು ಉದ್ದವಾಗಿದೆಯಷ್ಟೇ.

ನಮ್ಮ ಊರುಗಳಲ್ಲಿ ಯಾರ ಬುತ್ತಿಯಲ್ಲಿ ಏನಿದೆ ಎಂದು ಇಣುಕುವ, ಬೀದಿಬದಿ ಮಾರುವವನ ಹೆಸರು ಕೇಳಿ ವ್ಯಾಪಾರ ಮಾಡುವ ಚಟ ಬೆಳೆಯುತ್ತಿರುವ ಈ ದಿನಗಳಲ್ಲಿ ಎಡೊದ ಕೈಕೋಳದ ಪ್ರಸಂಗವನ್ನು ನೆನೆಯುವುದು ಒಳ್ಳೆಯದು. ಕೋಳ ಹಾಕಿಸಿದ ಮಂತ್ರಿಯ ಹೆಸರು ಚರಿತ್ರೆಯ ವಿದ್ಯಾರ್ಥಿಗಳಿಗಷ್ಟೇ ಗೊತ್ತು. ಕೋಳ ತೊಟ್ಟವನ ಕೈರುಚಿ ಲೋಕದ ಎಲ್ಲ ನಗರಗಳಲ್ಲಿ ಸಿಗುತ್ತದೆ.